ಹೊಂಡದ ದಂಡೆಯಿಂದ ಚನ್ನಗಿರಿ ಬೆಟ್ಟದ ತನಕ, ಸೈಕಲ್ಲಿನ ಮೇಲೆ

ಸೋದರಿಯರೇ, ನಿಮ್ಮ ಮನೆಯ ಹಿತ್ತಿಲಿನಲ್ಲೋ, ಮೆಟ್ಟಿಲಿನ ಕೆಳಗೋ ಒಂದು ಹಳೇ ಸೈಕಲ್ಲು ನಿಂತಿದೆಯೇ? ಈ ಪುಟವನ್ನು ಮಡಚಿಟ್ಟು ಒಂದು ಸಲ ಹೋಗಿ ನೋಡಿ ಬನ್ನಿ. ನಮ್ಮ ಮನೆಯಲ್ಲೂ ಒಂದಿತ್ತು. ಹ್ಯಾಂಡಲ್ಲಿಗೆ ಈರುಳ್ಳಿ ಚೀಲ, ಕ್ಯಾರಿಯರಿನ ಮೇಲೆ ಹಳೇ ಗೋಣಿ, ಸೀಟಿನ ಮೇಲೆ ನಮ್ಮ ಬೆಕ್ಕು. ಹತ್ತು ವರ್ಷದಿಂದ ಅದನ್ನು ಸರಿಸಿ ಸರಿಸಿ ಕಸ ಗುಡಿಸಿದ್ದೇನೆಯೇ ಹೊರತು, ಅದೊಂದು ಗಾಡಿ ಎಂಬುದೇ ನನಗೆ ಮರೆತುಹೋಗಿತ್ತು.

ಅದು ನನ್ನ ಮಗಳಿಗೆ ಎಂಟನೇ ತರಗತಿಯಲ್ಲಿ ಶಾಲೆಯಿಂದ ಬಂದ ಸೈಕಲ್ಲು. ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರಕಾರದಿಂದ ಉಚಿತ ಸೈಕಲ್ಲು ಕೊಡುವುದು 2006-07ರಲ್ಲಿ ಶುರುವಾಯಿತು. ಮಗಳಿಗೆ ಸಿಕ್ಕಿದ್ದು 2014ರಲ್ಲಿ. ಮೂರು ವರ್ಷ ತುಳಿದಳು, ಕಾಲೇಜಿಗೆ ಬಸ್ಸು ಹಿಡಿದಳು, ಆಮೇಲೆ ಕೆಲಸವೆಂದು ಬೆಂಗಳೂರು ಸೇರಿದಳು. ಸೈಕಲ್ಲು ಬೆಕ್ಕಿನ ಪಾಲಾಯಿತು.

ಈಗ ಆ ಸೈಕಲ್ಲಿನ ಮೇಲೆ ನಾನು ಸಂತೇಬೆನ್ನೂರಿನಿಂದ ಚನ್ನಗಿರಿಗೆ ಹೋಗಿ, ಕೋಟೆ ಬೆಟ್ಟ ಹತ್ತಿ, ಮತ್ತೆ ತುಳಿದುಕೊಂಡೇ ಮನೆಗೆ ಬಂದೆ ಎಂದರೆ ನಂಬುತ್ತೀರಾ? ನನಗೀಗ ನಲವತ್ತಾರು ವರ್ಷ. ಓದಿದ್ದು ಎಸ್.ಎಸ್.ಎಲ್.ಸಿ. ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಡಾಕ್ಟರಮ್ಮನ ಒಂದು ಮಾತು

ಹೋದ ವರ್ಷ, ಅಂದರೆ 2025ರ ಸೆಪ್ಟೆಂಬರಿನಲ್ಲಿ, ಊರಲ್ಲಿ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ಅತ್ತೆಯವರ ಬಿ.ಪಿ. ತೋರಿಸಲೆಂದು ಕರೆದುಕೊಂಡು ಹೋದೆ. "ನೀವೂ ಕೈ ಕೊಡಿ" ಎಂದು ನರ್ಸಮ್ಮ ನನ್ನ ರಕ್ತವನ್ನೂ ತೆಗೆದರು. ವಾರ ಬಿಟ್ಟು ಚೀಟಿ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ನನಗೆ 6.2 ಇತ್ತು. 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ನಡುವಿನ ಬೇಲಿಯ ಮೇಲೆ ಕೂತಿದ್ದೆ.

ಡಾಕ್ಟರಮ್ಮ ಗಾಬರಿಪಡಿಸಲಿಲ್ಲ. "ಇನ್ನೂ ಮಾತ್ರೆ ಬೇಡ. ಊಟ ಸರಿ ಮಾಡ್ಕೊಳ್ಳಿ, ಮೈ ಆಡಿಸಿ. ನಾಲ್ಕು ತಿಂಗಳು ಬಿಟ್ಟು ನೋಡೋಣ" ಎಂದರು.

"ಮೇಡಂ, ನಾನು ಬೆಳಗಿನಿಂದ ರಾತ್ರಿವರೆಗೂ ಆಡ್ತಾನೇ ಇರ್ತೀನಲ್ಲ!" ಎಂದೆ.

"ಕೆಲಸ ಮಾಡ್ತೀರಿ ನಿಜ. ಬೆವರು ಬರೋ ಹಾಗೆ, ಉಸಿರು ಏರೋ ಹಾಗೆ ಏನು ಮಾಡ್ತೀರಿ ಹೇಳಿ?"

ಮನೆಗೆ ಬಂದು ಯೋಚಿಸಿದೆ. ನಿಮಗೂ ಹೀಗೇ ಇರಬಹುದು, ಲೆಕ್ಕ ಹಾಕಿ ನೋಡಿ. ನಮ್ಮ ಅವ್ವ ಒರಳಲ್ಲಿ ರುಬ್ಬುತ್ತಿದ್ದಳು, ನನಗೆ ಮಿಕ್ಸಿ ಇದೆ. ಅವಳು ಬಾವಿಯಿಂದ ಸೇದುತ್ತಿದ್ದಳು, ನನಗೆ ಬೋರಿನ ನಲ್ಲಿ ಇದೆ. ಅಡಿಕೆ ಸುಗ್ಗಿಯಲ್ಲಿ ನಾವು ಹೆಂಗಸರು ಮಧ್ಯರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದೆವು. ಈಗ ಯಂತ್ರ ಬಂದು ಆ ಕೆಲಸವನ್ನು ಮುಗಿಸಿಬಿಡುತ್ತದೆ. ಕೆಲಸ ಕಡಿಮೆಯಾಗಲಿಲ್ಲ, ಆದರೆ ಎಲ್ಲವೂ ನಿಂತು ಮಾಡುವ, ಕೂತು ಮಾಡುವ ಕೆಲಸವಾಯಿತು. ಊಟ ಮಾತ್ರ ಅವ್ವನ ಕಾಲದ್ದೇ, ಎರಡು ಹೊತ್ತು ಅನ್ನ, ಮೂರು ಸಲ ಸಕ್ಕರೆ ಟೀ.

ಅವ್ವನ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವ್ವನಿಗೂ ಸಕ್ಕರೆ ಕಾಯಿಲೆ ಇತ್ತು. ಇದೆ ಎಂದು ತಿಳಿದಾಗಲೇ ತಡವಾಗಿತ್ತು. ಹೆಬ್ಬೆರಳಿಗೆ ಆದ ಒಂದು ಸಣ್ಣ ಗಾಯ ಮಾಯಲೇ ಇಲ್ಲ. 2011ರಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎರಡು ವರ್ಷ ಮಂಚದ ಮೇಲಿದ್ದಳು. ಒಂದು ದಿನ ನಾನು ಕಾಲೊತ್ತಲು ಹೋದಾಗ, ಇದ್ದ ಒಂದೇ ಕಾಲನ್ನು ಸರಿಸಿ, "ನನ್ನದು ಬಿಡು. ನಿನ್ನ ಕಾಲು ಗಟ್ಟಿ ಇರೋವಾಗಲೇ ಓಡಾಡವ್ವ" ಎಂದಿದ್ದಳು. ಆಗ ಅರ್ಥವಾಗಲಿಲ್ಲ. ಆ ಚೀಟಿ ಕೈಗೆ ಬಂದ ಸಂಜೆ ಅರ್ಥವಾಯಿತು.

ಹೊಂಡದ ಮೆಟ್ಟಿಲ ಮೇಲೆ

ಮನಸ್ಸು ಭಾರವಾದಾಗ ನಾನು ಹೋಗಿ ಕೂರುವುದು ನಮ್ಮೂರ ಹೊಂಡದ ದಂಡೆಗೆ. ಹೊರಗಿನವರು ಪುಷ್ಕರಣಿ ಎನ್ನುತ್ತಾರೆ, ನಮಗದು ಹೊಂಡ. ನೋಡದವರಿಗಾಗಿ ಎರಡು ಮಾತು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಅಂಚಿನಲ್ಲಿ ಸಣ್ಣ ಸಣ್ಣ ಮಂಟಪಗಳು, ನಟ್ಟನಡುವೆ ನೀರಿನಲ್ಲಿ ಅಂತಸ್ತು ಅಂತಸ್ತಾಗಿ ಎದ್ದು ನಿಂತ ವಸಂತ ಮಂಟಪ. ಬೆಳಗಿನ ಹೊತ್ತು ಗಾಳಿ ಇಲ್ಲದಿದ್ದರೆ ಮೇಲೊಂದು ಮಂಟಪ, ನೀರಿನೊಳಗೆ ತಲೆಕೆಳಗಾಗಿ ಇನ್ನೊಂದು. ಇದನ್ನು ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ, ಹದಿನಾರನೇ ಶತಮಾನದಲ್ಲಿ ಎನ್ನುತ್ತಾರೆ. ಆ ಮನೆತನ ಮುಂದೆ ತರೀಕೆರೆಗೆ ಹೋಗಿ ತರೀಕೆರೆ ಪಾಳೆಯಗಾರರಾಯಿತು. ಹೊಂಡದ ಪಕ್ಕದಲ್ಲೇ ಇರುವ ದೊಡ್ಡ ಕಲ್ಲುಕಟ್ಟಡ ಮುಸಾಫಿರ್‌ಖಾನೆ. ಅದು ಬಿಜಾಪುರದ ಸುಲ್ತಾನರ ಸೇನಾನಿ ರಣದುಲ್ಲಾಖಾನನ ಕಾಲದ್ದು. ಮುಸಾಫಿರ ಅಂದರೆ ದಾರಿಹೋಕ, ಪ್ರಯಾಣಿಕ. ಮಂಟಪದ ಕಮಾನುಗಳನ್ನು ನೋಡಿ, ಇಲ್ಲಿಯ ಕಟ್ಟುವಿಕೆ ಅಲ್ಲಿಯ ಕಟ್ಟುವಿಕೆ ಎರಡೂ ಬೆರೆತಿವೆ ಎಂದು ತಿಳಿದವರು ಹೇಳುತ್ತಾರೆ. ಎರಡನ್ನೂ ಈಗ ಪುರಾತತ್ವ ಇಲಾಖೆ ಕಾಯುತ್ತಿದೆ.

ಇಪ್ಪತ್ತಾರು ವರ್ಷದ ಹಿಂದೆ ಮದುವೆಯಾಗಿ ಬಂದವಳು ನಾನು. ಈ ಹೊಂಡವನ್ನು ಎಷ್ಟು ಸಲ ನೋಡಿಲ್ಲ! ಆದರೆ ಆ ಸಂಜೆ ಮುಸಾಫಿರ್‌ಖಾನೆ ಕಡೆಗೆ ಕಣ್ಣು ಹೋದಾಗ ಒಂದು ವಿಚಾರ ಬಂತು. ನಾನು ನನ್ನ ಕಾಲ ಮೇಲೆ ಪ್ರಯಾಣ ಮಾಡಿದ್ದು ಕೊನೆಗೆ ಯಾವಾಗ? ಬಸ್ಸಿನಲ್ಲಿ ಕೂತು, ಇವರ ಬೈಕಿನ ಹಿಂದೆ ಕೂತು ಹೋಗಿದ್ದಲ್ಲ. ನಾನೇ ಹೋಗಿದ್ದು?

ನೆನಪಾಯಿತು. 1996ರ ಮಾರ್ಚಿ ಎಪ್ರಿಲ್ಲು. ನಮ್ಮ ತವರು ಹೊನ್ನಾಳಿ ಕಡೆಯ ಒಂದು ಹಳ್ಳಿ. ಆಗಿನ್ನೂ ದಾವಣಗೆರೆ ಜಿಲ್ಲೆ ಆಗಿರಲಿಲ್ಲ. ಅದು ಆದದ್ದು 1997ರಲ್ಲಿ. ಹೊನ್ನಾಳಿ ಚನ್ನಗಿರಿ ಎರಡೂ ಆಗ ಶಿವಮೊಗ್ಗ ಜಿಲ್ಲೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಕೇಂದ್ರ ಹೊನ್ನಾಳಿಯಲ್ಲಿ. ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಅಪ್ಪ ತಮ್ಮ ದೊಡ್ಡ ಬಾರಿನ ಸೈಕಲ್ಲು ಕೊಟ್ಟರು. ನಾನು, ಇನ್ನೊಬ್ಬ ಗೆಳತಿ, ಹೋಗ್ತಾ ಹದಿನಾರು ಕಿಲೋಮೀಟರು, ಬರ್ತಾ ಹದಿನಾರು, ಪರೀಕ್ಷೆ ಮುಗಿಯುವವರೆಗೂ ತುಳಿದೆವು. ಪರೀಕ್ಷೆ ಬರೆದು ಹೊರಬಂದು, ತುಂಗಭದ್ರೆಯ ದಂಡೆಯಲ್ಲಿ ಕೂತು ಬುತ್ತಿ ಚಿತ್ರಾನ್ನ ತಿಂದು ಹೊರಟರೆ ದಾರಿ ಪೂರ್ತಿ ನಮ್ಮದೇ. ಪಾಸೂ ಆದೆ. ಅಷ್ಟಕ್ಕೇ ಓದು ನಿಂತಿತು. ಮದುವೆ ಗೊತ್ತಾದ ವಾರ ಸೈಕಲ್ಲು ತಮ್ಮನ ಕೈಗೆ ಹೋಯಿತು. "ಇನ್ನು ನಿನಗ್ಯಾಕೆ?" ಎಂದರು. ನನಗೂ ಯಾಕೆ ಎಂದು ಕೇಳಬೇಕು ಅನಿಸಲಿಲ್ಲ.

ಮರುದಿನ ಬೆಕ್ಕನ್ನು ಕೆಳಗಿಳಿಸಿದೆ.

ಊರ ಕಣ್ಣು, ಮನೆ ಕಣ್ಣು

ಸೈಕಲ್ಲಿನ ಸ್ಥಿತಿ ನೋಡಿ ರಿಪೇರಿ ಅಂಗಡಿಯವರು ನಕ್ಕರು. ಎರಡೂ ಟಯರು, ಟ್ಯೂಬು, ಬ್ರೇಕಿನ ರಬ್ಬರು, ಚೈನು ಹೊಸದು ಹಾಕಿಸಿದೆ. ಸೀಟನ್ನೂ ಬದಲಿಸಿದೆ, ಹಳೆಯದರ ಸ್ಪಂಜನ್ನು ಇಲಿ ತಿಂದಿತ್ತು. ಒಟ್ಟು ಎರಡು ಸಾವಿರದ ಒಳಗೇ ಮುಗಿಯಿತು. ಚೀಟಿ ದುಡ್ಡಿನಲ್ಲಿ ಕೊಟ್ಟೆ.

ಮೊದಲ ದಿನ ಬೆಳಗಿನ ಐದೂವರೆಗೆ, ಯಾರೂ ನೋಡಬಾರದೆಂದು ತೋಟದ ದಾರಿಗೆ ತಳ್ಳಿಕೊಂಡು ಹೋದೆ. ಸೈಕಲ್ಲು ಕಲಿತವರಿಗೆ ಮರೆಯುವುದಿಲ್ಲ ಎನ್ನುತ್ತಾರಲ್ಲ, ಅದು ನಿಜ. ಆದರೆ ಮರೆಯದಿರುವುದು ಬೇರೆ, ತುಳಿಯುವ ಶಕ್ತಿ ಬೇರೆ! ಒಂದು ಫರ್ಲಾಂಗು ಹೋಗುವಷ್ಟರಲ್ಲಿ ತೊಡೆ ಉರಿ, ಎದೆ ಡವಡವ. ಇಳಿದು ಅಡಿಕೆ ಮರ ಹಿಡಿದುಕೊಂಡು ನಿಂತೆ. ಆದರೂ ಆ ಒಂದು ಫರ್ಲಾಂಗಿನಲ್ಲಿ ಮುಖಕ್ಕೆ ಬಡಿದ ತಣ್ಣನೆ ಗಾಳಿ ಇತ್ತಲ್ಲ, ಅದು ಹೊನ್ನಾಳಿ ದಾರಿಯದ್ದೇ.

ಮೂರನೇ ದಿನಕ್ಕೆ ಊರಿಗೆಲ್ಲ ಗೊತ್ತಾಯಿತು. ಹಾಲಿನ ಡೈರಿಯ ಮುಂದೆ ನಿಂತವರು, "ಏನಕ್ಕಾ, ಎಂಟನೇ ಕ್ಲಾಸಿಗೆ ಸೇರಿದ್ರಾ?" ಎಂದರು. ಅತ್ತೆಯವರು ಎರಡು ದಿನ ಮಾತು ಬಿಟ್ಟರು. ಮೂರನೇ ದಿನ, "ಮಗಳ ಮದುವೆ ಮಾಡೋ ವಯಸ್ಸಲ್ಲಿ ಇದೇನವ್ವ? ನಡೀಬೇಕಂದ್ರೆ ಗುಡಿಗೆ ಹನ್ನೊಂದು ಸುತ್ತು ಹಾಕು" ಎಂದರು. ಇವರು ಏನೂ ಹೇಳಲಿಲ್ಲ. ನಮ್ಮವರ ಸ್ವಭಾವವೇ ಹಾಗೆ. ಆದರೆ ಒಂದು ಬೆಳಿಗ್ಗೆ ನೋಡುತ್ತೇನೆ, ಚೈನಿಗೆ ಎಣ್ಣೆ ಬಿಟ್ಟು ಒರೆಸಿಟ್ಟಿದ್ದಾರೆ. ಅದೇ ಒಪ್ಪಿಗೆ ಎಂದುಕೊಂಡೆ.

ನಡೆಯಬಹುದಿತ್ತಲ್ಲ ಎಂದು ನೀವೂ ಕೇಳಬಹುದು. ನಡೆಯುವುದು ಒಳ್ಳೆಯದೇ. ಆದರೆ ನನಗೆ ಮೊಣಕಾಲು ನೋವು. ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುತ್ತದೆ, ಮಂಡಿಗೆ ಪೆಟ್ಟು ಬೀಳುವುದಿಲ್ಲ. ತೊಡೆಯ ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಸ್ವಲ್ಪ ಏರುವಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಂತೆ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಒಂದು ಧಾರಾವಾಹಿಯ ಹೊತ್ತು, ಅಷ್ಟೆ!

ಮಗಳಿಗೆ ಫೋನಿನಲ್ಲಿ ಹೇಳಿದಾಗ ಕುಣಿದಾಡಿಬಿಟ್ಟಳು. ಅವಳೇ ಓದಿ ಹೇಳಿದಳು. 1890ರ ದಶಕದಲ್ಲಿ ಅಮೆರಿಕದಲ್ಲಿ ಆನಿ ಲಂಡನ್‌ಡೆರಿ ಎಂಬ ಮೂರು ಮಕ್ಕಳ ತಾಯಿ, ಸೈಕಲ್ಲನ್ನೇ ಸರಿಯಾಗಿ ಹತ್ತಿರದವಳು, 1894ರಲ್ಲಿ ಹೊರಟು 1895ರಲ್ಲಿ ಭೂಮಿ ಸುತ್ತಿ ಬಂದಳಂತೆ. ಸಮುದ್ರದಲ್ಲಿ ಹಡಗು, ನೆಲದ ಮೇಲೆ ಸೈಕಲ್ಲು. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತೆ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ಲು ಕಲಿಸಿದರಂತೆ. ಕೂಲಿಯವರು, ಕಲ್ಲು ಒಡೆಯುವವರು, ದಾದಿಯರು, ಸಾವಿರ ಸಾವಿರ ಜನ ಕಲಿತು ನೀರು ತರಲಿಕ್ಕೂ ಸಂತೆಗೆ ಹೋಗಲಿಕ್ಕೂ ಸೈಕಲ್ಲನ್ನೇ ಹಿಡಿದರಂತೆ. ಅವರಿಗೂ ಊರ ಜನ ನಕ್ಕಿರಲೇಬೇಕು. ನಕ್ಕವರು ಎಲ್ಲಿದ್ದಾರೋ, ತುಳಿದವರು ಮುಂದೆ ಹೋದರು.

ನವರಾತ್ರಿಗೆ ಶುರು ಮಾಡಿದ್ದು, ದೀಪಾವಳಿಗೆ ಐದು ಕಿಲೋಮೀಟರು ಸಲೀಸಾಯಿತು. ಡಿಸೆಂಬರಿಗೆ ಹನ್ನೆರಡು. ಅಷ್ಟರಲ್ಲಿ ಹಿಂದಿನ ಬೀದಿಯ ಹೊಲಿಗೆ ಅಂಗಡಿಯ ತಂಗಿಯೂ ಜೊತೆಯಾದಳು. ದಿನವಿಡೀ ಮಿಶಿನ್ನಿನ ಮುಂದೆ ಕೂತು ಸೊಂಟ ಹಿಡಿದುಕೊಂಡಿದ್ದಳು. ಒಂದು ದಿನ ಅವಳೇ ಅಂದಳು, "ಅಕ್ಕಾ, ಊರ ಸುತ್ತಾನೇ ಎಷ್ಟು ದಿನ ಸುತ್ತೋದು? ಚನ್ನಗಿರಿಗೆ ಹೋಗಾಣ."

ಇಪ್ಪತ್ತು ಕಿಲೋಮೀಟರು ದಾರಿ

ಸಂತೇಬೆನ್ನೂರಿನಿಂದ ನಮ್ಮ ತಾಲ್ಲೂಕು ಕೇಂದ್ರ ಚನ್ನಗಿರಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಸಂಕ್ರಾಂತಿ ಮುಗಿದ ಭಾನುವಾರ ಗೊತ್ತು ಮಾಡಿದೆವು. ಹಿಂದಿನ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಥೇಟು ಪರೀಕ್ಷೆಯ ಹಿಂದಿನ ರಾತ್ರಿಯ ಹಾಗೆ. ಇವರು, "ಬೈಕಲ್ಲಿ ಹಿಂದೆ ಬರ್ಲಾ?" ಎಂದರು. "ಬೇಡ, ಫೋನ್ ಕೈಯಲ್ಲಿ ಇಟ್ಕೊಂಡಿರಿ ಸಾಕು" ಎಂದೆ.

ಬೆಳಕು ಹರಿಯುವ ಹೊತ್ತಿಗೆ ಹೊಂಡದ ಹತ್ತಿರ ಇಬ್ಬರೂ ಸೇರಿದೆವು. ಚೂಡಿದಾರ, ಪಿನ್ನು ಹಾಕಿ ಬಿಗಿದ ವೇಲು, ತಲೆಗೆ ಸ್ಕಾರ್ಫು, ಅದರ ಮೇಲೆ ಮಗಳು ಕಳಿಸಿದ ಹೆಲ್ಮೆಟ್ಟು. ಮಂಜಿನೊಳಗೆ ವಸಂತ ಮಂಟಪದ ತುದಿ ಮಾತ್ರ ಕಾಣುತ್ತಿತ್ತು. ಬೆಲ್ಲು ಬಾರಿಸಿ ಹೊರಟೆವು.

ಬಸ್ಸಿನಲ್ಲಿ ನೂರಾರು ಸಲ ಹೋದ ದಾರಿ ಅದು. ಆದರೆ ಆ ದಿನ ಹೊಸದಾಗಿ ಕಂಡಿತು. ಬಸ್ಸಿನಲ್ಲಿ ಏರು ಇಳಿತ ಗೊತ್ತೇ ಆಗುವುದಿಲ್ಲ, ಸೈಕಲ್ಲಿಗೆ ಒಂದೊಂದೂ ಗೊತ್ತು. ಸಪಾಟು ಎಂದುಕೊಂಡಿದ್ದ ಕಡೆ ತೊಡೆ "ಇಲ್ಲ, ಏರು" ಎನ್ನುತ್ತದೆ. ಎರಡೂ ಕಡೆ ಅಡಿಕೆ ತೋಟ. ತೋಟದ ಪಕ್ಕ ಬಂದ ಕೂಡಲೇ ಗಾಳಿ ತಣ್ಣಗಾಗುತ್ತದೆ, ತೋಟ ಮುಗಿದು ಕಟಾವಾದ ಮೆಕ್ಕೆಜೋಳದ ಹೊಲ ಬಂದರೆ ಬಿಸಿಲು ಮೈಗೆ ತಾಗುತ್ತದೆ. ವಾಸನೆಗಳು ಬೇರೆ. ಒಂದು ಕಡೆ ಅಡಿಕೆ ಬೇಯಿಸಿದ ಚೊಗರಿನ ಒಗರು, ಒಂದು ಕಡೆ ಸಗಣಿ ಗೊಬ್ಬರ, ಒಂದು ಮನೆಯ ಮುಂದೆ ಬಂದಾಗ ಬೆಳ್ಳುಳ್ಳಿ ಒಗ್ಗರಣೆ. "ಅಕ್ಕಾ, ಆ ಮನೇಲಿ ಮಂಡಕ್ಕಿ ಒಗ್ಗರಣೆ" ಎಂದು ತಂಗಿ ಕೂಗಿದಳು. ಬಸ್ಸಿನ ಕಿಟಕಿಯಲ್ಲಿ ಈ ಭಾಗ್ಯ ಉಂಟೇ?

ಲಾರಿಗಳಿಗೆ ಹೆದರಿಕೆ ಇದ್ದೇ ಇತ್ತು. ಹಿಂದಿನಿಂದ ಸದ್ದು ಕೇಳಿದ ಕೂಡಲೇ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಲ್ಲುತ್ತಿದ್ದೆವು. ಐದು ಕಿಲೋಮೀಟರಿಗೊಮ್ಮೆ ಇಳಿದು ನೀರು ಕುಡಿದೆವು. ಒಂದು ಊರಿನ ಬೋರಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಅಜ್ಜಿ, "ಎಲ್ಲಿಗ್ರವ್ವಾ?" ಎಂದರು. ಚನ್ನಗಿರಿಗೆ ಎಂದೆವು. "ಬಸ್ಸಿಗೆ ರೊಕ್ಕ ಯಾಕೆ? ಆಧಾರ್ ತೋರಿಸಿದ್ರೆ ಹೆಣ್ಮಕ್ಕಳಿಗೆ ಪುಕ್ಕಟೆ ಐತಲ್ಲ!" ಎಂದು ಕನಿಕರಪಟ್ಟರು. ನಕ್ಕು ನಕ್ಕು ಮುಂದಿನ ಏರು ಹತ್ತಿದ್ದೇ ಗೊತ್ತಾಗಲಿಲ್ಲ.

ಎಂಟೂಮುಕ್ಕಾಲಿಗೆ ಚನ್ನಗಿರಿ. ಈ ಊರಿನ ಹೆಸರೇ ಒಬ್ಬ ಹೆಣ್ಣಿನದು. ಹದಿನೇಳನೇ ಶತಮಾನದಲ್ಲಿ ಕೆಳದಿ ರಾಜ್ಯವನ್ನು ಆಳಿದ ಚನ್ನಮ್ಮಾಜಿಯಿಂದ ಚನ್ನಗಿರಿ. ಗಂಡನನ್ನು ಕಳೆದುಕೊಂಡ ಮೇಲೆ ಇಪ್ಪತ್ತೈದು ವರ್ಷದ ಹತ್ತಿರ ರಾಜ್ಯಭಾರ ಮಾಡಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಎದುರು ಹಾಕಿಕೊಂಡವಳು. ಅಂಥವಳ ಊರಿಗೆ ಬಂದು ಬೆಟ್ಟ ಹತ್ತದೆ ಹೋಗುವುದೇ? ಪರಿಚಯದ ಅಂಗಡಿಯಲ್ಲಿ ಸೈಕಲ್ಲು ಬಿಟ್ಟು ಕೋಟೆ ಬೆಟ್ಟ ಹತ್ತಿದೆವು. ಮೇಲೆ ಕೋಟೆಯ ಗೋಡೆ, ರಂಗನಾಥನ ಗುಡಿ, ಕೆಳಗೆ ಊರಿನ ಹೆಂಚು, ತಾರಸಿ, ಅದರಾಚೆ ಕಣ್ಣು ಹರಿದಷ್ಟೂ ಅಡಿಕೆ. ನಾವು ಬಂದ ದಾರಿಯ ಕಡೆ ನೋಡಿದೆ. ಸಂತೇಬೆನ್ನೂರು ಕಾಣಲಿಲ್ಲ, ಅಷ್ಟು ದೂರ ಇತ್ತು. ಆ ದೂರವನ್ನು ನನ್ನ ಕಾಲೇ ತುಳಿದದ್ದು ಎನ್ನುವಾಗ ಗಂಟಲು ತುಂಬಿ ಬಂತು. ಅವ್ವ ನೆನಪಾದಳು. ತಂಗಿ ನೋಡದ ಹಾಗೆ ಸ್ಕಾರ್ಫಿನಲ್ಲಿ ಕಣ್ಣು ಒರೆಸಿಕೊಂಡೆ. ಅವಳು ನೋಡಿದಳು, ಏನೂ ಕೇಳಲಿಲ್ಲ. ಬುತ್ತಿ ಬಿಚ್ಚಿದಳು.

ಬರುವಾಗ ಆದದ್ದು

ಹೋಗುವಾಗಿನ ಜಂಬ ಬರುವಾಗ ಇಳಿಯಿತು. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಠುಸ್ ಎಂದಿತು. ಜಾಲಿ ಮುಳ್ಳು! ಹತ್ತಿರ ಊರಿಲ್ಲ, ಬಿಸಿಲು ನೆತ್ತಿಗೆ ಬರುತ್ತಿತ್ತು. ತಳ್ಳಿಕೊಂಡು ನಡೆದೆವು. ಮೆಕ್ಕೆಜೋಳದ ಚೀಲ ಹೇರಿದ ಟ್ರ್ಯಾಕ್ಟರು ಬಂತು. ಡ್ರೈವರು ಹುಡುಗ ನಿಲ್ಲಿಸಿ, "ಸೈಕಲ್ ಮೇಲೆ ಹಾಕ್ರಿ ಆಂಟಿ, ಸಂತೇಬೆನ್ನೂರಿಗೆ ಬಿಡ್ತೀನಿ" ಎಂದ. ಒಳ್ಳೆಯ ಹುಡುಗ. ಕಾಲು ಸೋತಿತ್ತು. ಹತ್ತಿಬಿಡೋಣ ಎಂದು ಒಂದು ಕೈ ಮೇಲಿಟ್ಟೂ ಬಿಟ್ಟೆ.

ಆಮೇಲೆ ಏನೆನಿಸಿತೋ, "ಬೇಡಪ್ಪ, ಪಂಚರ್ ಅಂಗಡಿ ಎಲ್ಲಿದೆ ಹೇಳು" ಎಂದೆ. ಹಟವೇ? ಇರಬಹುದು. ಇಪ್ಪತ್ತಾರು ವರ್ಷದ ಹಿಂದೆ "ಇನ್ನು ನಿನಗ್ಯಾಕೆ" ಎಂದಾಗ ಸುಮ್ಮನೆ ಕೈಬಿಟ್ಟವಳು ನಾನು. ಈ ಸಲ ಕೈಬಿಡಲು ಮನಸ್ಸಾಗಲಿಲ್ಲ.

ಎರಡು ಕಿಲೋಮೀಟರು ತಳ್ಳಿದ ಮೇಲೆ ಒಂದು ಗೂಡಂಗಡಿ. ಅಲ್ಲಿದ್ದ ಹಿರಿಯರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಹುಡುಕಿ, ಉಜ್ಜಿ, ಅಂಟು ಹಚ್ಚಿ, ತುಂಡು ಹಾಕಿದರು. "ಈಗೆಲ್ಲ ಬೈಕಿನ ಪಂಚರೇ ತಾಯಿ. ಹೆಣ್ಮಕ್ಕಳ ಸೈಕಲ್ಲಿಗೆ ಪಂಚರ್ ಹಾಕಿ ಎಷ್ಟು ಕಾಲ ಆಗಿತ್ತೋ" ಎಂದರು. ಮುಳ್ಳನ್ನು ನನ್ನ ಕೈಗೇ ಕೊಟ್ಟರು. ಅದು ಈಗ ನಮ್ಮ ಮನೆಯ ಕ್ಯಾಲೆಂಡರಿನ ಮೊಳೆಯ ಪಕ್ಕದಲ್ಲಿದೆ.

ಮನೆ ಮುಟ್ಟಿದಾಗ ಒಂದೂವರೆ. ಬಚ್ಚಲಲ್ಲಿ ನೀರು ಕಾದಿತ್ತು. ಅತ್ತೆಯವರು ಬಾಗಿಲಲ್ಲೇ ಕೂತಿದ್ದರು. ಬೈಗುಳ ಬೀಳುತ್ತದೆ ಎಂದು ಕಾದೆ. ಅವರು ಕೈ ಚಾಚಿ, "ಎಲ್ಲಿ, ಬೆಟ್ಟದ ರಂಗಪ್ಪನ ಕುಂಕುಮ?" ಎಂದರು.

ಕುಂಕುಮ ತರುವುದು ಮರೆತೇಹೋಗಿತ್ತು! ತಲೆ ಬಗ್ಗಿಸಿದೆ.

"ಬುದ್ಧಿ ಎಲ್ಲಿಟ್ಟಿದ್ದೆ? ಹಂಗಾರೆ ಇನ್ನೊಂದ್ಸಲ ಹೋಗಿ ತಗಂಡು ಬಾ" ಎಂದು ಎದ್ದು ಒಳಗೆ ಹೋದರು.

ನೋಡಿದಿರಾ ಸೋದರಿಯರೇ, ಅನುಮತಿ ಹೇಗೆ ಸಿಕ್ಕಿತು!

ಜನವರಿ ಕೊನೆಗೆ ಮತ್ತೆ ರಕ್ತ ಕೊಟ್ಟೆ. 5.8 ಬಂತು. ಇನ್ನೂ ಬೇಲಿ ದಾಟಿ ಈಚೆ ಬಂದಿಲ್ಲ, ಆದರೆ ಮುಖ ಈ ಕಡೆಗಿದೆ. ತೂಕ ನಾಲ್ಕು ಕಿಲೋ ಇಳಿದಿದೆ. ಇದೆಲ್ಲ ಸೈಕಲ್ಲಿನಿಂದಲೇ ಎಂದು ಹೇಳಿದರೆ ಸುಳ್ಳಾದೀತು. ರಾತ್ರಿ ಅನ್ನ ಬಿಟ್ಟು ಅರ್ಧ ಮುದ್ದೆ, ತುಂಬ ಸೊಪ್ಪಿನ ಸಾರು ಮಾಡಿಕೊಂಡೆ, ಟೀಗೆ ಸಕ್ಕರೆ ಬಿಟ್ಟೆ. ಸೈಕಲ್ಲು ಮಾಡಿದ್ದು ಇನ್ನೊಂದು ಕೆಲಸ, ಬೆಳಿಗ್ಗೆ ಎದ್ದಾಗ ಈ ದಿನದಲ್ಲಿ ನನಗೂ ಒಂದು ಪಾಲಿದೆ ಎನಿಸುತ್ತದೆ.

ಹತ್ತುವ ಮುಂಚೆ ಕೆಲವು ಮಾತು

ನಲವತ್ತು ದಾಟಿದವರು, ಅದರಲ್ಲೂ ಬಿ.ಪಿ., ಸಕ್ಕರೆ, ಎದೆನೋವು ಇರುವವರು, ಮೊದಲು ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವ್ಯಾಯಾಮದ ಹೊತ್ತು, ಊಟದ ಹೊತ್ತು ಕೇಳಿಕೊಳ್ಳಬೇಕು. ಸಕ್ಕರೆ ತೀರ ಇಳಿದರೆ ಕೈ ನಡುಗಿ ಬೆವರು ಬಂದು ತಲೆ ಸುತ್ತುತ್ತದೆ. ಆದ್ದರಿಂದ ಬೆಲ್ಲವೋ ಗ್ಲೂಕೋಸೋ ಸದಾ ಜೊತೆಗಿರಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ಕೂಡಲೇ ಇಳಿದುಬಿಡಿ.

ಸೀಟಿನ ಎತ್ತರ ಮುಖ್ಯ. ಪೆಡಲು ಪೂರ್ತಿ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಗ್ಗಿರಬೇಕು. ಸೀಟು ತಗ್ಗಾದರೆ ಮಂಡಿ ನೋವು ಖಂಡಿತ. ಟಯರಿಗೆ ಗಾಳಿ ಗಟ್ಟಿಯಾಗಿರಲಿ, ಕಡಿಮೆ ಗಾಳಿಯಲ್ಲಿ ತುಳಿದರೆ ಎರಡರಷ್ಟು ಸುಸ್ತು. ಮೊದಲ ವಾರ ಹತ್ತೇ ನಿಮಿಷ ಸಾಕು, ಆಮೇಲೆ ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಜೊತೆಗಾರ್ತಿಯೊಂದಿಗೆ ಮಾತಾಡಿಕೊಂಡು ತುಳಿಯುವಂತಿರಬೇಕು. ಮಾತು ತುಂಡಾಗುವಷ್ಟು ಏದುಸಿರು ಬಂದರೆ ನಿಧಾನಿಸಿ. ಪಾದಕ್ಕೆ ಚಪ್ಪಲಿಗಿಂತ ಬೂಟು ವಾಸಿ. ಸಕ್ಕರೆ ಇರುವವರು ಮನೆಗೆ ಬಂದ ಮೇಲೆ ಪಾದವನ್ನು ಬೆಳಕಿನಲ್ಲಿ ಒಂದು ಸಲ ನೋಡಿಕೊಳ್ಳಿ. ಸಣ್ಣ ಗಾಯವನ್ನೂ ಸಣ್ಣದೆನ್ನಬೇಡಿ. ಇದನ್ನು ಅವ್ವನ ಮಗಳಾಗಿ ಹೇಳುತ್ತಿದ್ದೇನೆ.

ನಮ್ಮ ದಾರಿಬುತ್ತಿ ಏನೆಂದು ಕೇಳುತ್ತೀರಾ? ಒಂದು ಬಟ್ಟಲು ಹುರಿದ ಶೇಂಗಾ, ಒಂದು ಬಟ್ಟಲು ಹುರಿಗಡಲೆ, ಕಾಲು ಬಟ್ಟಲು ಎಳ್ಳು, ಎರಡು ಏಲಕ್ಕಿ. ಎಲ್ಲವನ್ನೂ ತರಿತರಿಯಾಗಿ ಪುಡಿಮಾಡಿ, ಕಾಲು ಬಟ್ಟಲಿಗಿಂತ ಹೆಚ್ಚಿಲ್ಲದಷ್ಟು ಬೆಲ್ಲ, ಒಂದು ಚಮಚ ತುಪ್ಪ ಸೇರಿಸಿ ನಿಂಬೆಗಾತ್ರದ ಉಂಡೆ ಕಟ್ಟಿ. ದೂರದ ದಾರಿಗೆ ಒಬ್ಬರಿಗೆ ಎರಡುಂಡೆ. ಜೊತೆಗೆ ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರು ಮಜ್ಜಿಗೆ. ಸಕ್ಕರೆ ಇರುವವರು ಅರ್ಧ ಉಂಡೆಗೆ ತೃಪ್ತಿಪಡಲಿ.

ನಮ್ಮೂರಿಗೆ ಬರುವವರು ದಾವಣಗೆರೆಯಿಂದಲೋ ಚನ್ನಗಿರಿಯಿಂದಲೋ ಬಸ್ಸು ಹಿಡಿದು ಬನ್ನಿ. ಬಿಸಿಲೇರುವ ಮುಂಚೆ ಹೊಂಡ ನೋಡಿ. ದಂಡೆಯ ಹತ್ತಿರ ಈರುಳ್ಳಿ ಚೀಲ ಇಲ್ಲದ, ಬೆಕ್ಕು ಇಲ್ಲದ ಒಂದು ಲೇಡೀಸ್ ಸೈಕಲ್ಲು ನಿಂತಿದ್ದರೆ, ಅದು ನನ್ನದೇ. ಮಾತಾಡಿಸಿ. ಮುಂದಿನ ಸಲ ಸೂಳೆಕೆರೆ, ಅದೇ ಶಾಂತಿಸಾಗರದ ಏರಿಯ ಮೇಲೆ ಹೋಗಬೇಕೆಂದಿದ್ದೇವೆ. ಅದಕ್ಕೂ ಮೊದಲು ಇನ್ನೊಂದು ಸಲ ಚನ್ನಗಿರಿ ಆಗಬೇಕು. ಅತ್ತೆಯವರಿಗೆ ಕುಂಕುಮ ತರುವುದು ಬಾಕಿಯಿದೆ.